ಕೈ ಕೊಟ್ಟಾಗ ಹೇಗೆ ಕೈ ಕೊಡುತ್ತದೆ? ಟೆಕ್ನಿಕಲ್ ಡೈವಿಂಗ್‌ಗೆ ನಾನು ಬಳಸಿದ ರೆಗ್ಯುಲೇಟರ್‌ಗಳು

ಆಳ 42 ಮೀಟರ್. ಮುಳುಗಿದ ಹಡಗೊಂದರ ಬಾಗಿಲಲ್ಲಿ ವಾಪಸ್ ದಾರಿ ತೋರಿಸುವ ಲೈನ್ ಕಟ್ಟುತ್ತಿದ್ದೆ. ಹೋಸ್ ಎಲ್ಲೋ ಸಿಕ್ಕಿಕೊಂಡಿತ್ತು, ನನಗೆ ಗೊತ್ತಾಗಲಿಲ್ಲ. ಸುಮ್ನೆ ತಲೆ ತಿರುಗಿಸಿದೆ. ಮುಂದಿನ ಉಸಿರು ಎಳೆದಾಗ ಬಂದದ್ದು ನೀರು. ಹಲ್ಲಿನ ನಡುವೆ ರಬ್ಬರ್ ಮೌತ್‌ಪೀಸ್ ಭದ್ರವಾಗಿತ್ತು. ಟ್ಯಾಂಕ್‌ನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಮಾತ್ರ ಇರಲಿಲ್ಲ. ಅದು ಬಲಭುಜದ ಪಕ್ಕದಲ್ಲಿ ಗುಳ್ಳೆ ಬಿಡುತ್ತಾ ತೇಲುತ್ತಿತ್ತು.

ರಬ್ಬರ್ ಉಗಿದು, ಕತ್ತಿನ ಕೆಳಗೆ ನೇತಾಡುತ್ತಿದ್ದ ಇನ್ನೊಂದನ್ನು ಬಾಯಿಗಿಟ್ಟೆ. ಒಂದು ಗುಟುಕು ನೀರು ಕುಡಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಮೇಲೆ ಬಂದು ನೋಡಿದರೆ ಮೌತ್‌ಪೀಸ್ ಬಿಗಿಯುವ ಪ್ಲಾಸ್ಟಿಕ್ ಜಿಪ್‌ಟೈ ಹರಿದಿತ್ತು. ಒಳಗಿನ ಸ್ಪ್ರಿಂಗ್, ವಾಲ್ವ್, ಲಿವರ್ ಎಲ್ಲ ಅಚ್ಚುಕಟ್ಟಾಗಿದ್ದವು. ಅಷ್ಟು ನುಣುಪಾಗಿ ಕಡೆದ ಹಿತ್ತಾಳೆಯ ಯಂತ್ರ, ಅದನ್ನು ನನ್ನ ಬಾಯಿಗೆ ಜೋಡಿಸಿದ್ದು ವೈರ್ ಕಟ್ಟುವ ಪಟ್ಟಿ.

ನನ್ನ ಹೊಟ್ಟೆಪಾಡು ಪ್ರೆಶರ್ ಗೇಜ್ ಪರೀಕ್ಷೆ. ಕಾರ್ಖಾನೆಗಳಿಂದ ಗೇಜ್ ಬರುತ್ತವೆ, ಮುಳ್ಳು ಹೇಳುವುದು ನಿಜವೋ ಸುಳ್ಳೋ ನೋಡಿ ಚೀಟಿ ಅಂಟಿಸಿ ಕಳಿಸುತ್ತೇನೆ. ಆ ಚಾಳಿ ಡೈವಿಂಗ್‌ಗೂ ಅಂಟಿಕೊಂಡಿತು. 9 ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನನ್ನ ರೆಗ್ಯುಲೇಟರ್ ಆಗಲಿ, ಜೊತೆಗಾರನದ್ದು ನನ್ನ ಕಣ್ಣೆದುರಿಗೇ ಆಗಲಿ, ಕೈ ಕೊಟ್ಟರೆ ಅದರಲ್ಲಿ ಒಂದು ಸಾಲು. ಇವತ್ತಿಗೆ 11 ಸಾಲು ಆಗಿವೆ. ಯಾವ ಕಂಪನಿಯದು ಎಷ್ಟು ಸಲ ಅಂತ ಇಲ್ಲಿ ಹೇಳುವುದಿಲ್ಲ. ಮೊದಲು ಬಳಸಿ ಮಾರಿಬಿಟ್ಟ ಸೆಟ್‌ಗಳೂ ಅದರಲ್ಲಿವೆ. 11 ಘಟನೆ ಇಟ್ಟುಕೊಂಡು ಒಂದು ಕಂಪನಿಯ ಜಾತಕ ಬರೆದರೆ ಅದು ಜ್ಯೋತಿಷ್ಯ ಆಗುತ್ತದೆ, ಪರೀಕ್ಷೆ ಆಗುವುದಿಲ್ಲ. ಆದರೆ ಆ 11 ಸಲವೂ ಏನೇನಾಯಿತು ಅಂತ ಓದಿಕೊಂಡು ಹೋದರೆ, ಕೊಳ್ಳುವಾಗ ಏನು ನೋಡಬೇಕು ಅನ್ನುವ ನನ್ನ ಲೆಕ್ಕವೇ ತಲೆಕೆಳಗಾಯಿತು. ಈ ವಿಮರ್ಶೆ ಆ ಲೆಕ್ಕದ್ದು.

ಮೊದಲು ಒಂದಿಷ್ಟು ಹಿನ್ನೆಲೆ. ಗೊತ್ತಿದ್ದವರು ದಾಟಿ ಹೋಗಿ. ಟ್ಯಾಂಕ್‌ನಲ್ಲಿ 200 ಅಥವಾ 232 ಬಾರ್ ಒತ್ತಡ ಇರುತ್ತದೆ. ಟ್ಯಾಂಕ್‌ಗೆ ಕೂರಿಸುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಜಾಸ್ತಿ ಇರುವಷ್ಟಕ್ಕೆ ಇಳಿಸುತ್ತದೆ. ಈ ನಡುವಿನ ಒತ್ತಡಕ್ಕೆ ನಾವು ಐಪಿ ಅನ್ನುತ್ತೇವೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಅದನ್ನು ಉಸಿರಾಡುವ ಒತ್ತಡಕ್ಕೆ ತರುತ್ತದೆ. 1943ರಲ್ಲಿ ಕೂಸ್ತೊ ಮತ್ತು ಗನ್ಯಾನ್ ಮಾಡಿದ ಆಕ್ವಾ-ಲಂಗ್‌ನಿಂದ ಇಲ್ಲಿವರೆಗೂ ಮೂಲ ಉಪಾಯ ಒಂದೇ: ಎಳೆದಾಗ ಮಾತ್ರ ಕೊಡು, ಸುತ್ತಲಿನ ನೀರು ಎಷ್ಟು ಒತ್ತುತ್ತದೋ ಅಷ್ಟೇ ಒತ್ತಡದಲ್ಲಿ ಕೊಡು.

ಸಾಮಾನ್ಯ ಡೈವ್‌ನಲ್ಲಿ ಇದು ಕೆಟ್ಟರೆ ಮೇಲಕ್ಕೆ ಹೋಗಬಹುದು. ಟೆಕ್ನಿಕಲ್ ಡೈವ್‌ನಲ್ಲಿ ಆ ದಾರಿ ಮುಚ್ಚಿರುತ್ತದೆ. ತಲೆಯ ಮೇಲೆ ಬಂಡೆ ಇರುತ್ತದೆ, ಇಲ್ಲವೇ 40 ನಿಮಿಷದ ಡೆಕೊ, ಅಂದರೆ ದೇಹ ಹೀರಿಕೊಂಡ ಗ್ಯಾಸ್ ಹೊರಹೋಗಲು ನಿಂತು ನಿಂತು ಮೇಲೇರುವ ಹೊತ್ತು, ಬಾಕಿ ಇರುತ್ತದೆ. ಹಾಗಾಗಿ ಬೆನ್ನಿಗೆ ಎರಡು ಟ್ಯಾಂಕ್, ಎರಡು ವಾಲ್ವ್, ಎರಡು ಪೂರ್ತಿ ರೆಗ್ಯುಲೇಟರ್, ಎರಡು ಟ್ಯಾಂಕನ್ನೂ ಜೋಡಿಸುವ ಮ್ಯಾನಿಫೋಲ್ಡ್ ಕೊಳವೆ, ಅದರ ನಡುವೆ ಎರಡನ್ನೂ ಬೇರೆ ಮಾಡುವ ಐಸೊಲೇಟರ್ ವಾಲ್ವ್. ಒಂದು ಹಾಳಾದರೆ ಅದರ ವಾಲ್ವ್ ಮುಚ್ಚಿ ಇನ್ನೊಂದರಲ್ಲಿ ಉಸಿರಾಡುತ್ತಾ ವಾಪಸ್ ಬರುವುದು. ಅಂದರೆ ಕೆಡುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಇಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ. ಕೆಡುತ್ತದೆ ಅಂತಲೇ ಇಳಿಯುವುದು. ನಾನು ಕೇಳುವ ಪ್ರಶ್ನೆ ಇಷ್ಟೇ: ಕೆಡುವಾಗ ಗ್ಯಾಸ್ ನಿಲ್ಲಿಸುತ್ತದೋ, ಇಲ್ಲ ಜಾಸ್ತಿ ಕೊಡುತ್ತದೋ? ಕೆಡುವ ಮೊದಲು ಸುಳಿವು ಕೊಡುತ್ತದೋ?

ಈಗಿನ ಬಹುತೇಕ ಸೆಕೆಂಡ್ ಸ್ಟೇಜ್‌ಗಳು ಡೌನ್‌ಸ್ಟ್ರೀಮ್ ಬಗೆಯವು. ಗ್ಯಾಸ್ ಹರಿಯುವ ದಿಕ್ಕಿಗೇ ವಾಲ್ವ್ ತೆರೆಯುತ್ತದೆ. ಫಸ್ಟ್ ಸ್ಟೇಜ್ ಹದ ತಪ್ಪಿ ಐಪಿ ಏರಿದರೆ ಆ ಒತ್ತಡ ವಾಲ್ವನ್ನು ತಳ್ಳಿ ತೆರೆಯುತ್ತದೆ, ಬಾಯಿಂದ ಬುಸ್ಸೆಂದು ಗುಳ್ಳೆ. ಗದ್ದಲ ಆಗುತ್ತದೆ, ಗ್ಯಾಸ್ ಪೋಲಾಗುತ್ತದೆ, ಆದರೆ ಉಸಿರು ಇದ್ದೇ ಇರುತ್ತದೆ. ಮೊದಲ ಸಲ ನೋಡಿದವರಿಗೆ ಇದು ದೊಡ್ಡ ಅನಾಹುತ ಅನಿಸುತ್ತದೆ. ನನಗೆ ಇದು ಯಂತ್ರ ತೋರಿಸುವ ಮರ್ಯಾದೆ. ಹೋಗುತ್ತಾ ಹೇಳಿ ಹೋಗುತ್ತದೆ.

ಈ ಕಣ್ಣಿಂದ ನನ್ನ ಸೆಟ್‌ಗಳನ್ನು ನೋಡೋಣ.

ಬೆನ್ನಿನ ಟ್ವಿನ್‌ಸೆಟ್‌ಗೆ ಎರಡೂ ಕಡೆ ಏಪೆಕ್ಸ್ ಡಿಎಸ್‌ಟಿ ಫಸ್ಟ್ ಸ್ಟೇಜ್, ಎಕ್ಸ್‌ಟಿಎಕ್ಸ್ 50 ಸೆಕೆಂಡ್ ಸ್ಟೇಜ್. ಇದು ಬ್ಯಾಲೆನ್ಸ್ಡ್ ಡಯಾಫ್ರಂ. ಟ್ಯಾಂಕ್ 200 ಬಾರ್ ಇರಲಿ, 50 ಇರಲಿ, ಐಪಿ ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಇದರಲ್ಲಿ ನನಗೆ ಬೇಕಾದ ದೊಡ್ಡ ಗುಣ ಹೊರಗಿನ ಸೀಲ್. ಹೊರಗೊಂದು ರಬ್ಬರ್ ಡಯಾಫ್ರಂ, ಒಳಗೊಂದು, ನಡುವೆ ಒಣ ಜಾಗ. ನೀರಿನ ಒತ್ತಡವನ್ನು ಒಂದು ಚಿಕ್ಕ ತುಂಡು ಒಳಗೆ ದಾಟಿಸುತ್ತದೆ. ಮುಖ್ಯ ಸ್ಪ್ರಿಂಗ್ ಇರುವ ಕಡೆಗೆ ನೀರು ಹೋಗುವುದೇ ಇಲ್ಲ. ಮರಳು ಹೋಗುವುದಿಲ್ಲ, ಉಪ್ಪು ಹೋಗುವುದಿಲ್ಲ, ಕೊರೆಯುವ ನೀರು ಅಲ್ಲಿ ಮಂಜುಗಟ್ಟುವ ಮಾತೂ ಇಲ್ಲ. ಬಾಯಿಯ ಭಾಗದಲ್ಲಿ ಹೋಸ್ ಸೇರುವ ಜಾಗಕ್ಕೆ ಲೋಹದ ಅಲುಗುಗಳಿವೆ, ಸುತ್ತಲಿನ ನೀರಿನಿಂದ ಚೂರು ಬಿಸಿ ಎಳೆದುಕೊಳ್ಳಲು. ಹೋಸನ್ನು ಎಡಗಡೆಗೂ ತಿರುಗಿಸಿ ಕೂರಿಸಬಹುದು. ಸೈಡ್‌ಮೌಂಟ್ ಮಾಡುವವರಿಗೆ, ಅಂದರೆ ಟ್ಯಾಂಕನ್ನು ಬೆನ್ನಿಗೆ ಬದಲು ಮೈಪಕ್ಕಕ್ಕೆ ಕಟ್ಟುವವರಿಗೆ, ಅದು ಬಲು ಉಪಯೋಗ.

ಇದರ ಉಸಿರು ಹೇಗೆ ಅಂತ ಕೇಳುತ್ತಾರೆ. ಚೆನ್ನಾಗಿದೆ. ಅದಕ್ಕಿಂತ ಜಾಸ್ತಿ ಬರೆಯಲು ಏನೂ ಇಲ್ಲ. ಒಂದು ತಿರುಪು ತಿರುಗಿಸಿದರೆ ಹಗುರ ಆಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಬಿಗಿ. ಕತ್ತಿನಲ್ಲಿ ನೇತಾಡುವುದನ್ನು ನಾನು ಬಿಗಿಯಾಗೇ ಇಡುತ್ತೇನೆ. ಹಗುರ ಮಾಡಿದರೆ ಎದುರಿನಿಂದ ಹರಿವು ಬಂದಾಗ ತಾನೇ ಬುಸುಗುಟ್ಟುತ್ತದೆ.

ಬೆಚ್ಚಗಿನ ನೀರಿನ ಸೈಡ್‌ಮೌಂಟ್‌ಗೆ ಸ್ಕೂಬಾಪ್ರೊ ಎಂಕೆ25 ಮತ್ತು ಜಿ260 ಜೋಡಿ. ಎಂಕೆ25 ಪಿಸ್ಟನ್ ಬಗೆ. ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಮನಸ್ಸಿಗೆ ಸಂತೋಷ ಆಗುತ್ತದೆ, ಅಷ್ಟು ಸರಳ. ನಡುವೆ ಟೊಳ್ಳಾದ ಒಂದು ಪಿಸ್ಟನ್, ಒಂದು ಸ್ಪ್ರಿಂಗ್, ಪಿಸ್ಟನ್‌ನ ಚೂಪು ಅಂಚು ಹೋಗಿ ಕೂರುವ ಒಂದು ಸೀಟ್. ಓಡಾಡುವ ಭಾಗ ಅದೊಂದೇ. ಗ್ಯಾಸ್ ಹರಿವು ಧಾರಾಳ. ತಿರುಗುವ ಟರೆಟ್‌ನಲ್ಲಿ ಹೋಸ್ ಕೂರಿಸುವ 5 ಲೋ ಪ್ರೆಶರ್ ಪೋರ್ಟ್, ಅದರಲ್ಲಿ ಒಂದು ತುದಿಯಲ್ಲಿದೆ. ಸೈಡ್‌ಮೌಂಟ್‌ನಲ್ಲಿ ಆ ತುದಿಯ ಪೋರ್ಟ್‌ನಿಂದ ಹೋಸ್ ಸೊಟ್ಟ ಆಗದೆ ನೇರ ಇಳಿಯುತ್ತದೆ. ಇದು ಸಣ್ಣ ಸಂಗತಿ ಅನಿಸಬಹುದು. ಹೋಸ್ ಬಾಗುವ ಕಡೆಯೇ ಮೊದಲು ಬಿರುಕು ಬಿಡುವುದು.

ಆದರೆ ಈ ಪಿಸ್ಟನ್‌ನ ಸ್ಪ್ರಿಂಗ್ ಇರುವ ಕೋಣೆ ನೀರಿಗೆ ತೆರೆದಿದೆ. ಅದು ತಪ್ಪಲ್ಲ, ಆ ವಿನ್ಯಾಸವೇ ಹಾಗೆ. ಉಪ್ಪುನೀರು ಒಣಗಿದರೆ ಅಲ್ಲೇ ಹರಳು ಕಟ್ಟುತ್ತದೆ, ಗುಹೆಯ ಹೂಳು ಅಲ್ಲೇ ಕೂರುತ್ತದೆ. ಹಾಗಾಗಿ ತೊಳೆಯುವುದರಲ್ಲಿ ಸೋಮಾರಿತನ ನಡೆಯುವುದಿಲ್ಲ. ನಾನು ಟ್ಯಾಂಕ್‌ಗೆ ಸಿಕ್ಕಿಸಿ ಒತ್ತಡ ಕೊಟ್ಟು, ಅರ್ಧ ಗಂಟೆ ಸಿಹಿನೀರಿನಲ್ಲಿ ಮುಳುಗಿಸಿಡುತ್ತೇನೆ. ಕೊರೆಯುವ ನೀರಿಗೆ ಅದೇ ಕಂಪನಿಯ ಎಂಕೆ17 ಇದೆ, ಸೀಲ್ ಮಾಡಿದ ಡಯಾಫ್ರಂ. ಎರಡು ಬಗೆ ಮಾಡಿರುವುದೇ ಎರಡು ಕೆಲಸಕ್ಕೆ. ಒಂದರಲ್ಲೇ ಎಲ್ಲ ಮುಗಿಸಬೇಕು ಅನ್ನುವವರು ಡಯಾಫ್ರಂ ತಗೊಳ್ಳಿ.

ಮೂರನೆಯದು ನನ್ನದಲ್ಲ. ಜೊತೆಗಾರ ಒಂದು ಸೀಸನ್ ಕೊಟ್ಟಿದ್ದ ಪೊಸೈಡನ್ ಜೆಟ್‌ಸ್ಟ್ರೀಮ್, ಸ್ವೀಡನ್‌ನದು. ಅದರ ಸೆಕೆಂಡ್ ಸ್ಟೇಜ್ ಒಳಗೆ ಮಾಮೂಲಿ ಲಿವರ್ ಇಲ್ಲ. ಉಸಿರು ಎಳೆದರೆ ಮೊದಲು ಒಂದು ಪುಟ್ಟ ಪೈಲಟ್ ವಾಲ್ವ್ ತೆರೆಯುತ್ತದೆ, ಅದು ದೊಡ್ಡ ವಾಲ್ವನ್ನು ತೆರೆಸುತ್ತದೆ. ಎಳೆಯುವುದೇ ಬೇಡ, ನೆನೆಸಿಕೊಂಡರೆ ಸಾಕು ಅನ್ನುವ ಹಾಗೆ ಬರುತ್ತದೆ. ಮೊದಲ ಎರಡು ಡೈವ್‌ನಲ್ಲಿ ಅದು ನನ್ನ ಬಾಯಿಗೆ ಊದುತ್ತಿದೆ ಅಂತ ಅನಿಸಿ ಸಿಟ್ಟು ಬಂತು. ಮೂರನೆಯದರಲ್ಲಿ ಒಗ್ಗಿತು. ಐದನೆಯದರ ಹೊತ್ತಿಗೆ ನನ್ನದೇ ಭಾರ ಅನಿಸತೊಡಗಿತು.

ಅದು ಕೆಡುವ ರೀತಿ ಮಾತ್ರ ಬೇರೆ. ಅದರ ವಾಲ್ವ್ ಅಪ್‌ಸ್ಟ್ರೀಮ್. ಒತ್ತಡ ಏರಿದಷ್ಟೂ ವಾಲ್ವ್ ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಐಪಿ ತಪ್ಪಿದರೆ ಆ ಗ್ಯಾಸ್ ಬಾಯಿಂದ ಹೊರಗೆ ಬರುವುದಿಲ್ಲ, ಹೋಸ್ ಒಳಗೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಇಂಥ ಸೆಟ್‌ನಲ್ಲಿ ಹೆಚ್ಚಾದ ಒತ್ತಡವನ್ನು ಹೊರಗೆ ಬಿಡುವ ರಿಲೀಫ್ ವಾಲ್ವ್ ಇರಲೇಬೇಕು. ಕಂಪನಿ ಕೊಟ್ಟ ಜೋಡಿಯಲ್ಲಿ ಅದು ಇರುತ್ತದೆ. ತೊಂದರೆ ಆಗುವುದು ಯಾರೋ ಈ ಸೆಕೆಂಡ್ ಸ್ಟೇಜನ್ನು ಬಿಚ್ಚಿ ಕೈಗೆ ಸಿಕ್ಕ ಬೇರೆ ಫಸ್ಟ್ ಸ್ಟೇಜ್‌ಗೆ ಹಾಕಿದಾಗ. ಆಗ ಸಿಡಿಯುವುದು ಹೋಸ್. ಹಳೆಯ ಸೆಟ್ ಕೊಳ್ಳುವವರು ಇದೊಂದನ್ನು ನೋಡಿಕೊಳ್ಳಿ. ಇಂಥ ಸೆಟ್ ಇರುವವರು ಅದನ್ನು ಚೆನ್ನಾಗಿ ಬಲ್ಲವರಾಗಿರಬೇಕು, ಅದರ ಸರ್ವಿಸ್ ಬಲ್ಲವರೂ ಹತ್ತಿರ ಇರಬೇಕು. ನನಗೆ ಎರಡನೆಯದು ಇರಲಿಲ್ಲ. ವಾಪಸ್ ಕೊಟ್ಟೆ, ಸ್ವಲ್ಪ ಹೊಟ್ಟೆ ಉರಿಯುತ್ತಲೇ.

ಈಗ ಕಾಗದದ ಮೇಲಿನ ಅಂಕಿಗಳ ಬಗ್ಗೆ ಒಂದು ಮಾತು. ಯುರೋಪಿನ ಇಎನ್ 250 ಮಾನದಂಡ ಬಹುತೇಕ ಡಬ್ಬಿಗಳ ಮೇಲೂ ಇರುತ್ತದೆ. ಅದರ ಪರೀಕ್ಷೆ 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಉಸಿರಾಟದಲ್ಲಿ ನಡೆಯುತ್ತದೆ. ಉಸಿರಾಡಲು ಬೇಕಾಗುವ ಶ್ರಮ ಲೀಟರ್‌ಗೆ 3 ಜೂಲ್ ದಾಟಬಾರದು. 10 ಡಿಗ್ರಿಗಿಂತ ತಣ್ಣಗಿನ ನೀರಿಗೆ ಅಂತ ಮಾರಬೇಕಾದರೆ ಇನ್ನೂ ಕೊರೆಯುವ ನೀರಿನಲ್ಲೂ ಪಾಸಾಗಬೇಕು. ನನ್ನ ವೃತ್ತಿಯಲ್ಲಿ ಇಂಥ ಚೀಟಿಗೆ ಬೆಲೆ ಇದೆ. ಆದರೆ ಆ ಬೆಲೆ ಎಲ್ಲಿವರೆಗೆ ಅಂತಲೂ ಗೊತ್ತಿದೆ. ಪಾಸಾದದ್ದು ಯಂತ್ರಕ್ಕೆ ಸಿಕ್ಕಿಸಿದ ಹೊಸ ಸೆಟ್. ನನ್ನದು ಆರು ವರ್ಷ ಹಳೆಯದು, ನಾಲ್ಕು ಸಲ ಬಿಚ್ಚಿ ಜೋಡಿಸಿದ್ದು. ಅದು ಹೇಗಿದೆ ಅಂತ ಆ ಚೀಟಿ ಹೇಳುವುದಿಲ್ಲ.

ಉಸಿರು ಭಾರ ಅಂತ ರೆಗ್ಯುಲೇಟರ್ ಬದಲಿಸುವವರನ್ನೂ ನೋಡಿದ್ದೇನೆ. ಆಳದಲ್ಲಿ ಭಾರ ಅನಿಸುವುದಕ್ಕೆ ಎಷ್ಟೋ ಸಲ ಕಾರಣ ಗ್ಯಾಸೇ. ಡೈವಿಂಗ್ ಸಂಶೋಧಕರಾದ ಗ್ಯಾವಿನ್ ಆಂಥೊನಿ ಮತ್ತು ಸೈಮನ್ ಮಿಚೆಲ್ 2016ರಲ್ಲಿ ಕೊಟ್ಟ ಸಲಹೆ ಈಗ ಅನೇಕ ಕೋರ್ಸ್‌ಗಳಲ್ಲಿ ಕೇಳಿಬರುತ್ತದೆ: ಗ್ಯಾಸ್ ಸಾಂದ್ರತೆ ಲೀಟರ್‌ಗೆ 5.2 ಗ್ರಾಂ ಒಳಗಿದ್ದರೆ ಒಳ್ಳೆಯದು, 6.2 ದಾಟಲೇಬಾರದು. ಬರೀ ಗಾಳಿ 31 ಮೀಟರ್ ಸುಮಾರಿಗೆ ಮೊದಲ ಗೆರೆ ಮುಟ್ಟುತ್ತದೆ, 39ರ ಸುಮಾರಿಗೆ ಎರಡನೆಯದು. 18/45 ಟ್ರೈಮಿಕ್ಸ್ (18 ಪರ್ಸೆಂಟ್ ಆಕ್ಸಿಜನ್, 45 ಹೀಲಿಯಂ, ಉಳಿದದ್ದು ನೈಟ್ರೊಜನ್) ಆದರೆ 60 ಮೀಟರ್‌ನಲ್ಲೂ ಸುಮಾರು ಮೊದಲ ಗೆರೆಯ ಹತ್ತಿರವೇ ಇರುತ್ತದೆ. ಎಷ್ಟು ಒಳ್ಳೆ ರೆಗ್ಯುಲೇಟರ್ ಆದರೂ ದಪ್ಪ ಗ್ಯಾಸನ್ನು ತೆಳು ಮಾಡಲಾರದು.

ನೋಟ್‌ಬುಕ್‌ಗೆ ಬರೋಣ. 11ರಲ್ಲಿ 2 ಮಂಜಿನದ್ದು. ಎರಡೂ 4-5 ಡಿಗ್ರಿ ನೀರಿನಲ್ಲಿ, ಎರಡೂ ಒಂದೇ ಕಥೆ. ಜೊತೆಗಾರ 18 ಮೀಟರ್‌ನಲ್ಲಿ ಉಸಿರು ಎಳೆಯುತ್ತಲೇ ವಿಂಗ್‌ಗೆ, ಅಂದರೆ ತೇಲಲು ಬೆನ್ನಿಗಿರುವ ಚೀಲಕ್ಕೆ, ಗ್ಯಾಸ್ ತುಂಬಿಸಿದ. ಉಸಿರೂ ವಿಂಗ್‌ನ ಗ್ಯಾಸೂ ಒಂದೇ ಫಸ್ಟ್ ಸ್ಟೇಜ್‌ನಿಂದ. ಒತ್ತಡ ಒಮ್ಮೆಲೇ ಬೀಳುವಾಗ ಗ್ಯಾಸ್ ತಣ್ಣಗಾಗುತ್ತದೆ. ನೀರೂ ತಣ್ಣಗೆ, ಲೋಹಕ್ಕೆ ಬಿಸಿ ಎಲ್ಲಿಂದ ಬರಬೇಕು? ಒಳಗೆ ಮಂಜು ಕಟ್ಟಿತು, ವಾಲ್ವ್ ಮುಚ್ಚಲಿಲ್ಲ. ಗುಳ್ಳೆಗಳ ಗೋಡೆಯ ಹಿಂದೆ ಅವನ ಮುಖವೇ ಕಾಣಲಿಲ್ಲ. ನಾನು ನನ್ನ ಉದ್ದ ಹೋಸ್ ಚಾಚಿ ಹತ್ತಿರ ಹೋಗುವಷ್ಟರಲ್ಲಿ ಅವನೇ ಬಲಗಡೆಯ ವಾಲ್ವ್ ಮುಚ್ಚಿ, ಕತ್ತಿನದ್ದನ್ನು ಬಾಯಿಗಿಟ್ಟು, ಕೈಯಲ್ಲಿ ಸರಿ ಅಂತ ಸನ್ನೆ ಮಾಡುತ್ತಿದ್ದ. ಐದು ನಿಮಿಷದ ಮೇಲೆ ಅದೇ ವಾಲ್ವ್ ತೆರೆದ. ಏನೂ ಆಗಿಲ್ಲ ಅನ್ನುವ ಹಾಗೆ ಕೆಲಸ ಮಾಡಿತು. ಮಂಜು ಕರಗಿತ್ತು. ಆದರೂ ಡೈವ್ ಅಲ್ಲಿಗೇ ಮುಗಿಸಿದೆವು.

ಅಂದಿನಿಂದ ಕೊರೆಯುವ ನೀರಿನಲ್ಲಿ ನಾವು ನೀರಿನ ಮೇಲೆ ರೆಗ್ಯುಲೇಟರ್‌ನಿಂದ ಉಸಿರಾಡುವುದಿಲ್ಲ. ಹೊರಗಿನ ಗಾಳಿ ಇನ್ನೂ ತಣ್ಣಗಿರುತ್ತದೆ, ನಮ್ಮ ಉಸಿರಿನ ತೇವ ಒಳಗೆ ಕೂತು ಅಲ್ಲೇ ಮಂಜಾಗುತ್ತದೆ. ಸೆಕೆಂಡ್ ಸ್ಟೇಜ್‌ನ ಪರ್ಜ್ ಬಟನ್ ಒತ್ತಿ ಗ್ಯಾಸ್ ಜೋರಾಗಿ ಬಿಡುವುದೂ ಇಲ್ಲ. ವಿಂಗ್‌ಗೆ ಗ್ಯಾಸ್ ಚೂರು ಚೂರೇ, ಉಸಿರು ಬಿಡುವಾಗ ಮಾತ್ರ.

ಒಂದು ಸಾಲು ಡೆಕೊ ರೆಗ್ಯುಲೇಟರ್‌ನದ್ದು. ಪಕ್ಕದಲ್ಲಿ ನೇತುಹಾಕಿದ 50 ಪರ್ಸೆಂಟ್ ಆಕ್ಸಿಜನ್ ಟ್ಯಾಂಕ್, 21 ಮೀಟರ್‌ಗೆ ಬಂದಾಗ ಬಾಯಿಗೆ ಹಾಕುವುದು. ಒಂದು ಗಂಟೆ ಅದರ ಕಡೆ ಯಾರೂ ನೋಡುವುದಿಲ್ಲ. ವಾಲ್ವ್ ಮುಚ್ಚಿರುತ್ತದೆ, ಆದರೆ ಹೋಸ್ ಒಳಗೆ ಒತ್ತಡ ತುಂಬಿರಬೇಕು. ಆವತ್ತು ಪರ್ಜ್ ಬಟನ್ ಎಲ್ಲೋ ತಗುಲಿ ಒತ್ತಡ ಖಾಲಿಯಾಗಿತ್ತು. ಒಳಗೆ ಒತ್ತಡ ಇಲ್ಲ, ಹೊರಗೆ ಆಳದ ನೀರು. ನೀರು ನುಗ್ಗಿತು. 21 ಮೀಟರ್‌ನಲ್ಲಿ ವಾಲ್ವ್ ತೆರೆದು ಎಳೆದರೆ ಮೊದಲ ಎರಡು ಉಸಿರು ಬರೀ ತುಂತುರು. ಆಮೇಲೆ ಸರಿಯಾಯಿತು. ಆ ನೀರು ಫಸ್ಟ್ ಸ್ಟೇಜ್ ತನಕ ಹೋಗಿತ್ತು ಅಂತ ಗೊತ್ತಾದದ್ದು ಮೂರು ತಿಂಗಳ ಮೇಲೆ, ಒಳಗೆ ಹಸಿರು ಕಲೆ ಕಂಡಾಗ. ಈಗ ನನ್ನ ಡೆಕೊ ಟ್ಯಾಂಕ್‌ಗಳಿಗೆ ಏಪೆಕ್ಸ್ ಡಿಎಸ್4. 4 ಲೋ ಪ್ರೆಶರ್ ಪೋರ್ಟ್, 1 ಹೈ ಪ್ರೆಶರ್ ಪೋರ್ಟ್, ತಿರುಗುವ ಟರೆಟ್ ಇಲ್ಲ. ಡೆಕೊಗೆ ಒಂದು ಹೋಸ್, ಒಂದು ಗೇಜ್ ಸಾಕು. ತಿರುಗುವ ಭಾಗ ಒಂದು ಕಡಿಮೆ, ಸೋರುವ ಜಾಗವೂ ಒಂದು ಕಡಿಮೆ. ಡೆಕೊಗೆ ಟೈಟೇನಿಯಂ ಫಸ್ಟ್ ಸ್ಟೇಜ್ ಬೇಡವೇ ಬೇಡ, ಆಕ್ಸಿಜನ್ ಜಾಸ್ತಿ ಇದ್ದಲ್ಲಿ ಆ ಲೋಹ ಹೊತ್ತಿಕೊಳ್ಳುವ ಭಯ ಇದೆ. ಹಿತ್ತಾಳೆಯದ್ದೇ ಆದರೂ 40 ಪರ್ಸೆಂಟ್ ದಾಟಿದ ಮೇಲೆ ಆಕ್ಸಿಜನ್‌ಗೆ ಅಂತಲೇ ಶುಚಿ ಮಾಡಿರಬೇಕು, ಒಳಗೆ ಸಿಲಿಕೋನ್ ಗ್ರೀಸ್ ಇರಬಾರದು.

ಇನ್ನೊಂದು ಸಾಲು ಹೋಸ್‌ನದ್ದು. ಹೆಣೆದ ಹೊದಿಕೆಯ ಮೆತ್ತನೆ ಹೋಸ್, ನೋಡಲು ಚೆಂದ, ಬಾಗಿಸಲು ಸಲೀಸು. ಅಂಥ ಕೆಲವು ಹೋಸ್‌ಗಳ ಒಳಗಿನ ಪಾಲಿಯುರೆಥೇನ್ ಕೊಳವೆ ಬಿಸಿಗೂ ತೇವಕ್ಕೂ ಹಳತಾಗಿ ಹರಳು ಬಿಡುತ್ತದೆ. ನಮ್ಮ ತಂಡದ ಒಬ್ಬರ ಉಸಿರು ಮೂರು ಡೈವ್‌ನಿಂದ ಬಿಗಿಯಾಗುತ್ತಾ ಬಂದಿತ್ತು. ಸೆಕೆಂಡ್ ಸ್ಟೇಜ್ ಎರಡು ಸಲ ಬಿಚ್ಚಿದರು, ಸರಿಹೋಗಲಿಲ್ಲ. ಹೋಸ್ ಬಿಚ್ಚಿ ಬಿಳಿ ಕಾಗದದ ಮೇಲೆ ತಟ್ಟಿದಾಗ ಪುಡಿ ಬಿತ್ತು. ನನ್ನ 11 ಸಾಲಿನಲ್ಲಿ ನಿಜವಾಗಿ ಹೆದರಿಸಿದ್ದು ಇದೊಂದೇ. ಬೇರೆಲ್ಲ ಕಡೆ ಗ್ಯಾಸ್ ಜಾಸ್ತಿ ಬಂತು, ಇಲ್ಲವೇ ನೀರು ಬಂತು. ಇಲ್ಲಿ ಮಾತ್ರ ಗ್ಯಾಸ್ ನಿಲ್ಲುತ್ತಿತ್ತು, ಸದ್ದಿಲ್ಲದೆ. ನನ್ನ ಹೋಸ್‌ಗಳೆಲ್ಲ ಈಗ ಮಾಮೂಲಿ ಕಪ್ಪು ರಬ್ಬರ್. ಕತ್ತಿಗೆ ಸುತ್ತಿ ಬರುವ 7 ಅಡಿಯದ್ದೂ ಅದೇ.

ಮೊದಲು ಹೇಳಿದ ಜಿಪ್‌ಟೈಯದ್ದು ಒಂದು ಸಾಲು, ಅದೂ ಸೇರಿ ಇಲ್ಲಿಗೆ 5. ಉಳಿದದ್ದು 6. ಅದರಲ್ಲಿ ಒಂದು ಸೀಟ್ ತಾನಾಗಿಯೇ ಸವೆದದ್ದು. ಅಂದರೆ ಒಂಬತ್ತು ವರ್ಷದಲ್ಲಿ ಒಳಗಿನ ಭಾಗ ದುಡಿದು ದಣಿದು ಕೆಟ್ಟದ್ದು ಒಂದೇ ಒಂದು ಸಲ. ಉಳಿದ 5? ಎಲ್ಲವೂ ಸರ್ವಿಸ್ ಆಗಿ ಬಂದ ಹತ್ತು ಡೈವ್ ಒಳಗೆ. ಹೋಸ್ ಬಿಗಿ ಮಾಡಿರಲಿಲ್ಲ. ಉಸಿರು ಬಿಡುವ ರಬ್ಬರ್ ಪದರ ಮಡಚಿ ಕೂತಿತ್ತು, ಪ್ರತಿ ಉಸಿರಿಗೂ ನೀರು. ಲಿವರ್ ಎತ್ತರ ತಪ್ಪಿತ್ತು. ಟ್ಯಾಂಕ್‌ಗೆ ತಿರುಗಿಸಿ ಕೂರಿಸುವ ಡಿನ್ ಕನೆಕ್ಟರ್‌ನ ಓ-ರಿಂಗ್ ಅಳತೆ ಬೇರೆ. ಐದನೆಯದಂತೂ ಮರೆಯಲಾರೆ.

ಆವತ್ತು ಸರ್ವಿಸ್ ಆಗಿ ಬಂದ ಸೆಟ್‌ಗೆ ಮನೆಯಲ್ಲಿ ಐಪಿ ಗೇಜ್ ಸಿಕ್ಕಿಸಿದೆ. 9.4 ಬಾರ್. ಒಳ್ಳೆಯದು. ಒಂದು ಉಸಿರು ಎಳೆದು ಬಿಟ್ಟೆ, ಇಳಿದು ಮತ್ತೆ 9.4ಕ್ಕೆ ಬಂತು, ನಿಲ್ಲಲಿಲ್ಲ. 9.8. 10.3. ಹತ್ತು ನಿಮಿಷದಲ್ಲಿ 11 ದಾಟಿ ಸೆಕೆಂಡ್ ಸ್ಟೇಜ್ ಸಣ್ಣಗೆ ಸಿಳ್ಳೆ ಹಾಕತೊಡಗಿತು. ಸರ್ವಿಸ್ ಮಾಡಿದವರಿಗೆ ಫೋನ್ ಮಾಡಿದೆ.

"ಹೊಸ ಸೀಟ್ ಅಲ್ವಾ ಸರ್, ಸ್ವಲ್ಪ ಕೂರಬೇಕು. ನಾಲ್ಕು ಡೈವ್ ಮಾಡಿ, ಸರಿಹೋಗುತ್ತೆ."

"ಏರ್ತಾನೇ ಇದೆ ಕಣ್ರೀ, ನಿಲ್ತಾನೇ ಇಲ್ಲ."

"ನಿಮ್ಮ ಗೇಜ್ ಒಂದ್ಸಲ ಚೆಕ್ ಮಾಡಿಸಿ ಸರ್."

ನನ್ನ ಗೇಜ್! ನಾನು ಏನೂ ಹೇಳಲಿಲ್ಲ. ಹೊಸ ಸೀಟ್ ಕೂರಲು ಹೊತ್ತು ಬೇಕು ಅನ್ನುವುದು ನಿಜವೇ, ಆದರೆ ಆಗ ಮುಳ್ಳು ಚೂರು ಅಲುಗಾಡಿ ನಿಲ್ಲುತ್ತದೆ, ಏಣಿ ಹತ್ತುವುದಿಲ್ಲ. ಬಿಚ್ಚಿದಾಗ ಸೀಟ್ ಮೇಲೆ ಕೂದಲಿನಷ್ಟು ತೆಳು ಹಿತ್ತಾಳೆ ಚೂರು ಹೂತಿತ್ತು. ಆ ವರ್ಷವೇ ಸರ್ವಿಸ್ ಕೋರ್ಸ್ ಮಾಡಿದೆ. ಕೆಲವು ಕಂಪನಿಗಳು ಬಿಡಿಭಾಗವನ್ನು ತಮ್ಮ ಡೀಲರ್ ಬಿಟ್ಟು ಯಾರಿಗೂ ಕೊಡುವುದಿಲ್ಲ. ಈ ವಿಷಯವನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಎಷ್ಟು ಒಳ್ಳೆಯ ರೆಗ್ಯುಲೇಟರ್ ಆದರೂ ಸರ್ವಿಸ್ ಕಿಟ್‌ಗೆ ಎರಡು ತಿಂಗಳು ಕಾಯಬೇಕಾದರೆ ನನಗೆ ಅದು ಬೇಡ.

ಸರ್ವಿಸ್ ಮಾಡಿಸಲೇಬೇಡಿ ಅನ್ನುತ್ತಿಲ್ಲ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ, ಕಂಪನಿ ಹೇಳಿದಷ್ಟಕ್ಕೆ ಮಾಡಿಸಿ. ಆದರೆ ದೊಡ್ಡ ಡೈವ್ ಇದೆ ಅಂತ ಹಿಂದಿನ ವಾರ ಮಾಡಿಸಿ ನೇರ 60 ಮೀಟರ್‌ಗೆ ಹೋಗಬೇಡಿ. ನಾನು ಎರಡು ಸೆಟ್‌ಗಳನ್ನೂ ಒಟ್ಟಿಗೆ ಬಿಚ್ಚುವುದಿಲ್ಲ. ಒಂದು ಬಿಚ್ಚಿದರೆ ಇನ್ನೊಂದು ಹಳೆಯದಾಗಿಯೇ ಇರುತ್ತದೆ. ಬಿಚ್ಚಿ ಜೋಡಿಸಿದ್ದಕ್ಕೆ ನೀಲಿ ಟೇಪ್ ಸುತ್ತುತ್ತೇನೆ. ಹತ್ತು ಸಣ್ಣ ಡೈವ್ ಆಗುವವರೆಗೆ ಟೇಪ್ ಬಿಚ್ಚುವ ಹಾಗಿಲ್ಲ, ಟೇಪ್ ಇರುವುದು ಡೆಕೊ ಡೈವ್‌ಗೆ ಬರುವ ಹಾಗಿಲ್ಲ. ಜೊತೆಗಾರ ಇದನ್ನು ಸೂತಕ ಅಂತ ಆಡಿಕೊಳ್ಳುತ್ತಾನೆ.

ಐಪಿ ಗೇಜ್ ಬಗ್ಗೆ ಎರಡು ಮಾತು ಬೇರೆ ಹೇಳಬೇಕು. ವಿಂಗ್‌ಗೆ ಗ್ಯಾಸ್ ತುಂಬುವ ಇನ್‌ಫ್ಲೇಟರ್ ಹೋಸ್‌ನ ತುದಿಗೆ ಸಿಕ್ಕಿಸುವ ಸಣ್ಣ ಗೇಜ್. ನಾನು ಶಿಫಾರಸು ಮಾಡುವ ವಸ್ತು ಒಂದೇ ಆದರೆ ಅದು ಇದು, ಯಾವ ರೆಗ್ಯುಲೇಟರೂ ಅಲ್ಲ. ಪ್ರತಿ ಟ್ರಿಪ್‌ಗೆ ಮೊದಲು ಪ್ರತಿ ಫಸ್ಟ್ ಸ್ಟೇಜ್‌ಗೆ ಸಿಕ್ಕಿಸಿ ಹತ್ತು ಉಸಿರು ಎಳೆಯುತ್ತೇನೆ, ಹತ್ತು ನಿಮಿಷ ಬಿಡುತ್ತೇನೆ. ಟ್ಯಾಂಕ್ ತುಂಬಿದ್ದಾಗ ಒಮ್ಮೆ, 50 ಬಾರ್ ಇದ್ದಾಗ ಒಮ್ಮೆ. ಅಂಕಿ ಎಷ್ಟು ಅನ್ನುವುದಕ್ಕಿಂತ ಹೋದ ಸಲದ ಅಂಕಿಯೇ ಇದೆಯಾ ಅನ್ನುವುದು ಮುಖ್ಯ. ಸವೆದ ಆ ಒಂದು ಸೀಟ್ ಕೂಡ ನನಗೆ ನೀರಿನಲ್ಲಿ ಸಿಕ್ಕಿದ್ದಲ್ಲ, ಮೇಜಿನ ಮೇಲೆ ಸಿಕ್ಕಿದ್ದು. ನಾಲ್ಕು ತಿಂಗಳಿಂದ ಚೂರು ಚೂರೇ ಏರುತ್ತಿತ್ತು, ನೋಟ್‌ಬುಕ್‌ನಲ್ಲಿ ಸಾಲಾಗಿ ಕಾಣುತ್ತಿತ್ತು.

ರೆಗ್ಯುಲೇಟರ್ ಕೆಟ್ಟಿತು ಅಂತ ಕಾಣುವ, ಆದರೆ ಕೆಡದ ಒಂದು ಪ್ರಸಂಗವೂ ಇದೆ. ಗುಹೆಯ ಚಾವಣಿಗೆ ಎಡಗಡೆಯ ವಾಲ್ವ್‌ನ ಗುಬ್ಬಿ ಉಜ್ಜುತ್ತಾ ಹೋದರೆ ಅದು ತಾನೇ ತಿರುಗಿ ಮುಚ್ಚಿಕೊಳ್ಳುತ್ತದೆ. ಬಲಗಡೆಯದು ತೆರೆಯುವ ದಿಕ್ಕಿಗೆ ತಿರುಗುತ್ತದೆ, ಎಡಗಡೆಯದು ಮುಚ್ಚುವ ದಿಕ್ಕಿಗೆ. ಕತ್ತಿನ ರೆಗ್ಯುಲೇಟರ್ ಎಡಗಡೆಯದು, ಅಂದರೆ ಬೇಕಾದಾಗ ಬಾಯಿಗಿಟ್ಟರೆ ಮೂರು ಉಸಿರಿಗೆ ಖಾಲಿ. ಅದಕ್ಕೇ ಇಕ್ಕಟ್ಟು ದಾಟಿದ ಮೇಲೆ ಕೈ ಹಿಂದೆ ಹಾಕಿ ಮುಟ್ಟಿ ನೋಡುವುದು ಅಭ್ಯಾಸ ಆಗಬೇಕು. ಇದನ್ನು ಯಂತ್ರದ ಲೆಕ್ಕಕ್ಕೆ ಬರೆದಿಲ್ಲ.

ಹಾಗಾದರೆ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ: ಡಿನ್ ಕನೆಕ್ಟರ್ ಇರುವುದು, ಡೌನ್‌ಸ್ಟ್ರೀಮ್ ಸೆಕೆಂಡ್ ಸ್ಟೇಜ್, ಸೀಲ್ ಮಾಡಿದ ಡಯಾಫ್ರಂ, ಬಿಡಿಭಾಗ ಸುಲಭವಾಗಿ ಸಿಗುವುದು. ನನ್ನ ದುಡ್ಡು ಹೋಗಿದ್ದು ಡಿಎಸ್‌ಟಿ ಮತ್ತು ಎಕ್ಸ್‌ಟಿಎಕ್ಸ್ 50ಕ್ಕೆ, ಇವತ್ತು ಕೊಂಡರೂ ಅದನ್ನೇ ಕೊಳ್ಳುತ್ತೇನೆ. ಎಂಕೆ25 ಬೆಚ್ಚಗಿನ ನೀರಿಗೆ ಇದ್ದೇ ಇರುತ್ತದೆ, ಮಾರುವ ಯೋಚನೆ ಇಲ್ಲ. ಐದಕ್ಕೆ ಎಷ್ಟು ನಕ್ಷತ್ರ ಅಂತ ಕೇಳಿದರೆ ಡಿಎಸ್‌ಟಿಗೆ ನಾಲ್ಕೂವರೆ. ಆ ಅರ್ಧ ಕಳೆದದ್ದು ಅದರ ತಪ್ಪಿಗಲ್ಲ, ನನ್ನ ವೃತ್ತಿಯಲ್ಲಿ ಯಾವುದಕ್ಕೂ ಪೂರ್ತಿ ಅಂಕ ಕೊಟ್ಟು ಅಭ್ಯಾಸ ಇಲ್ಲ. ಜಿಪ್‌ಟೈಗಳನ್ನು ಈಗ ಆರು ತಿಂಗಳಿಗೊಮ್ಮೆ ಬದಲಿಸುತ್ತೇನೆ, ಕೆಟ್ಟಿರಲಿ ಬಿಡಲಿ.

ಬಲಗಡೆಯ ಡಿಎಸ್‌ಟಿ ಹೋದ ತಿಂಗಳು ಬಿಚ್ಚಿ ಜೋಡಿಸಿದೆ. ಐಪಿ 9.5, ಇಲ್ಲಿವರೆಗೆ ಅಲುಗಿಲ್ಲ. ನೀಲಿ ಟೇಪ್ ಇನ್ನೂ ಮೇಲಿದೆ, ಇವತ್ತಿಗೆ ನಾಲ್ಕು ಡೈವ್ ಆಗಿವೆ.